ತಡೆಯಿರಿ, ಹಾಡು ಬರ್ತಾ ಇದೆ

“ನಮ್ಮ ಆಯಿಯ ಹಾಡನ್ನ ಎಂತ ಮಾಡಿದ್ರಿ?”

ಶಿರಸಿಯ ಆ ಪುಟ್ಟ ಆಫೀಸಿನ ಬಾಗಿಲಲ್ಲಿ ನಿಂತವನ ಕಣ್ಣು ಕೆಂಪಾಗಿತ್ತು. ಹಳ್ಳಿ ಹೆಂಗಸರ ಮದುವೆ ಹಾಡುಗಳನ್ನು ರೆಕಾರ್ಡ್ ಮಾಡಿ ವೆಬ್‌ಸೈಟಿನಲ್ಲಿ ಇಡುವ ಆಫೀಸು ಅದು. ಆ ವೆಬ್‌ಸೈಟ್ ಕಟ್ಟಿದವಳು ಅಭಿಜ್ಞಾ.

“ಕೂತ್ಕಳಿ... ಏನಾಯ್ತು ಹೇಳಿ,” ಎಂದಳು.

ಅವನು ಕೂರಲಿಲ್ಲ. ಹೆಸರು ಸುಹಾಸ, ಊರು ಸಿದ್ದಾಪುರದ ಕಡೆಯ ಮನ್ಮನೆ. ತಾಯಿ ರಾಜೀವಿ ತೀರಿಕೊಂಡ ಮೇಲೆ ಅವರ ಧ್ವನಿ ಉಳಿದಿದ್ದು ಈ ವೆಬ್‌ಸೈಟಿನಲ್ಲಿ ಮಾತ್ರ.

“ನಿನ್ನೆ ತಂಗಿ ಶ್ರೀಲಕ್ಷ್ಮಿ ಮದುವೆ. ಹಸೆಗೆ ಕರೆಯೋ ಹಾಡು ಆಯಿದೇ ಆಗ್ಬೇಕು ಅಂತ ಅವಳ ಹಟ. ಎಲ್ಲರೂ ಸುಮ್ಮನಾದ್ರು. ನಾನು ಮೊಬೈಲ್ ಒತ್ತಿದೆ... ಬರೀ ಬಿಳಿ ಪುಟ! ಮತ್ತೆ ಒತ್ತಿದ್ರೂ ಅದೇ. ಶ್ರೀಲಕ್ಷ್ಮಿ ಅಳ್ತಾ ಹೋಗಿ ಹಸೆ ಮೇಲೆ ಕೂತ್ಲು. ಆ ಗಳಿಗೆ ಮತ್ತೆ ಬರ್ತದಾ?”

ಅಭಿಜ್ಞಾ ತಕ್ಷಣ ಕಂಪ್ಯೂಟರಿನಲ್ಲಿ ಹುಡುಕಿದಳು.

ಹಾಡು ಭದ್ರವಾಗಿಯೇ ಇತ್ತು. ಒತ್ತಿದ ಕೂಡಲೇ ‘ಈ ಹಾಡು ಕೊಡು’ ಎಂಬ ಕರೆ ಸರ್ವರ್‌ಗೆ ಹೋಗುತ್ತದೆ, ಉತ್ತರ ಬರಲು ಹೊತ್ತು ಬೇಕು. ಅವಳ ಕೋಡ್ ಕಾಯುತ್ತಲೇ ಇರಲಿಲ್ಲ. ಉತ್ತರ ಬರುವ ಮೊದಲೇ ಹಾಡಿಲ್ಲದ ಪುಟ ತೆರೆದುಬಿಡುತ್ತಿತ್ತು! ಆಫೀಸಿನ ವೇಗದ ನೆಟ್‌ನಲ್ಲಿ ಅದು ಗೊತ್ತಾಗಿರಲಿಲ್ಲ. ಹಳ್ಳಿಯಲ್ಲಿ ಕೂತು ಒಮ್ಮೆಯಾದರೂ ಒತ್ತಿ ನೋಡಿದ್ದಳೇ ಮಹಾರಾಯ್ತಿ?

“ತಪ್ಪು ನಂದೇ...” ಎಂದವಳ ಕಣ್ಣು ತುಂಬಿತು.

ಜಗಳಕ್ಕೆಂದು ಬಂದವನು ಮೆಲ್ಲಗೆ ಕುರ್ಚಿ ಎಳೆದು ಕೂತ.

ಆಮೇಲೆ ಅವನು ಮತ್ತೆ ಮತ್ತೆ ಬಂದ. ಕೋಡ್ ಪರೀಕ್ಷೆಗೆ ಅವನದೇ ಮೊಬೈಲು. ಉತ್ತರ ಬಂದ ಮೇಲೆ ಪುಟ ತೆರೆಯುವಂತೆ ಅವಳು ಬದಲಿಸಿದರೆ, ಯಾರೂ ಒತ್ತದೆ ತಾನಾಗಿ ತೆರೆದ ಪುಟ ಇದು ಎಂದು ಬ್ರೌಸರ್ ಅದನ್ನೂ ತಡೆಯಿತು.

“ಈ ಮೊಬೈಲಿಗೂ ನಿಮ್ಮ ಮೇಲೆ ಸಿಟ್ಟು,” ಎಂದ ಸುಹಾಸ. ಆ ದಿನ ಇಬ್ಬರೂ ಮೊದಲ ಬಾರಿಗೆ ನಕ್ಕರು.

ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕೇಳಿಯೇಬಿಟ್ಟ. “ನನ್ನ ಮದುವೆ ಆಗ್ತೀರಾ?”

ಅವಳಿಗೆ ಆಸೆ ಇತ್ತು... ಬೆಟ್ಟದಷ್ಟಿತ್ತು! ಆದರೆ, ‘ನನ್ನ ಮುಖ ಕಂಡಾಗಲೆಲ್ಲ ಶ್ರೀಲಕ್ಷ್ಮಿಗೆ ಹಾಡಿಲ್ಲದ ಆ ಹಸೆ ನೆನಪಾಗದೇ?’

ಅವಳಿನ್ನೂ ಮಾತು ಹುಡುಕುತ್ತಿದ್ದಳು.

“ಗೊತ್ತಾಯ್ತು, ಬಿಡಿ,” ಎಂದವನೇ ಸಿದ್ದಾಪುರದ ಬಸ್ ಹತ್ತಿಬಿಟ್ಟ. ತಾಳಿದವನು ಬಾಳಿಯಾನು ಎನ್ನುತ್ತಾರೆ. ಈ ಮಹಾಶಯನಿಗೆ ತಾಳ್ಮೆ ಎಲ್ಲಿತ್ತು!

ಮತ್ತೆ ಅವನು ಬರಲಿಲ್ಲ, ಫೋನೂ ಇಲ್ಲ. ಅವಳು ಅತ್ತಳು, ಅಳುತ್ತಲೇ ಕೋಡ್ ಬರೆದಳು. ಒತ್ತಿದ ಕ್ಷಣವೇ ಖಾಲಿ ಪುಟ ತೆರೆಯಬೇಕು, ಅದರಲ್ಲಿ ಒಂದು ಸಾಲಿರಬೇಕು, ಉತ್ತರ ಬಂದಾಗ ಅದೇ ಪುಟಕ್ಕೆ ಹಾಡು ಬರಬೇಕು. ಈ ಸಲ ಪರೀಕ್ಷೆಗೆ ತಾನೇ ಮನ್ಮನೆಗೆ ಹೊರಟಳು.

ಶ್ರೀಲಕ್ಷ್ಮಿ ತವರಿಗೆ ಬಂದಿದ್ದಳು. ಅಭಿಜ್ಞಾ ಮೊಬೈಲ್ ಕೊಟ್ಟಳು. “ನೀವೇ ಒತ್ತಿ...”

ಬಿಳಿ ಪುಟದ ಮೇಲೆ ಸಾಲು ಮೂಡಿತು: ‘ತಡೆಯಿರಿ, ಹಾಡು ಬರ್ತಾ ಇದೆ.’

ಜಗಲಿಯಲ್ಲಿ ಸುಹಾಸ ಕಂಬ ಹಿಡಿದು ನಿಂತಿದ್ದ. ಕಾದರು... ಇನ್ನೂ ಕಾದರು...

ಸಣ್ಣದೊಂದು ಕೆಮ್ಮು. ಹಿಂದೆಯೇ ರಾಜೀವಿಯ ಧ್ವನಿ, ಮದುಮಗಳನ್ನು ಹಸೆಗೆ ಕರೆಯುತ್ತಾ!

ಶ್ರೀಲಕ್ಷ್ಮಿ ಮೊಬೈಲನ್ನು ಕೆನ್ನೆಗೆ ಒತ್ತಿಕೊಂಡಳು. “ಈಗ ಬಂದ್ಯನೇ ಆಯಿ...” ಎಂದು ಬಿಕ್ಕಿದಳು. ಇನ್ನೊಂದು ಕೈಯಲ್ಲಿ ಅಭಿಜ್ಞಾಳ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಅಭಿಜ್ಞಾ ಅಂಗಳಕ್ಕಿಳಿದಾಗ ಸುಹಾಸ ಹಿಂದೆ ಬಂದ.

“ಅವತ್ತು ನನ್ನ ಉತ್ತರ ಬರೋ ಮೊದಲೇ ಹೋಗ್ಬಿಟ್ರಿ,” ಎಂದಳು. “ನನ್ನ ಕೋಡ್ ಮಾಡಿದ ತಪ್ಪನ್ನೇ ಮಾಡಿದ್ರಿ!”

ಅವನು ತಲೆ ತಗ್ಗಿಸಿದ. “ಈಗ ಮತ್ತೆ ಕೇಳಿದ್ರೆ?”

ಅವಳು ಬಾಯಿ ತೆರೆದಳು. ಬಂದಿದ್ದು ಅಳು ಮಾತ್ರ.

ಸುಹಾಸ ಈ ಸಲ ಕದಲಲಿಲ್ಲ, ಮೆಟ್ಟಿಲ ಮೇಲೆ ಕೂತ. ಮೊದಲ ಬಾರಿಗೆ ಅವಳೆದುರು ತನ್ನ ಮನೆಯಲ್ಲಾಡುವ ಭಾಷೆಯಲ್ಲಿ ಮಾತಾಡಿದ. “ಅಡ್ಡಿಲ್ಲೆ. ಎಷ್ಟೊತ್ತಾದ್ರೂ ಆನು ಕಾಯ್ತೆ.”

ಒಳಗೆ ಶ್ರೀಲಕ್ಷ್ಮಿ ಮತ್ತೆ ಒತ್ತಿದಳು. ಹಾಡು ಮುಗಿಯುವ ಹೊತ್ತಿಗೆ ಅಭಿಜ್ಞಾ ಅವನ ಪಕ್ಕ ಬಂದು ಕೂತಿದ್ದಳು.

“ಆನು ಹೂಂ ಹೇಳಲೇ ಬಂದಿದ್ದು... ಅಳು ಮೊದ್ಲು ಬಂತು,” ಎಂದಳು, ಅವನದೇ ಮಾತಿನಲ್ಲಿ.

“ಬರ್ಲಿ ಬಿಡು,” ಎಂದು ಅವನು ಕಣ್ಣೊರೆಸಿಕೊಂಡ. “ಹೂಂ ಬಂತಲ.”