ಕಲ್ಲುಬಟ್ಟಲಿನ ಎಣ್ಣೆ

“ಮೂಸಿ ನೋಡಿ ಮೇಡಂ, ಬೇಡ ಅನ್ನಲ್ಲ. ಆದ್ರೆ ಅದರ ಮುಂದೆ ಮಾತ್ರ ಬಾಯಿ ಬಿಡಬೇಡಿ.”

ಇಷ್ಟು ಹೇಳುವಷ್ಟರಲ್ಲಿ ಸುಗಂಧದಂಗಡಿಯವನ ಹಣೆಯ ಮೇಲೆ ಬೆವರೊಡೆದಿತ್ತು. ಎದುರಿಗಿದ್ದವಳು ನಕ್ಕುಬಿಟ್ಟಳು. ನಗದೆ ಇನ್ನೇನು ಮಾಡಿಯಾಳು? ವಾಸನೆಯ ಮುಂದೆ ಬಾಯಿ ಬಿಡುವುದೇ ಅವಳ ಕಸುಬು. ಕೈಯಲ್ಲಿ ಮಾಡಿದ ಅತ್ತರು, ಧೂಪ, ಮಂತ್ರಿಸಿದ ಎಣ್ಣೆ, ಯಾವುದೇ ಸಿಗಲಿ, ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿ, ಅದು ತನಗೆ ಏನನ್ನು ನೆನಪಿಸುತ್ತದೆ ಎಂದು ಫೋನಿಗೆ ಹೇಳುತ್ತಾ ಹೋಗುವುದು. ಆಮೇಲೆ ಮನೆಯಲ್ಲಿ ಕೂತು ಅದನ್ನೇ ತಿದ್ದಿ ತೀಡಿ ವಾರಪತ್ರಿಕೆಗೆ ಕಳಿಸುವುದು. ಶೀಶೆ ಮುಚ್ಚಿದ ಮೇಲೆ ನೆನಪು ಸುಳ್ಳು ಹೇಳಲು ಶುರುಮಾಡುತ್ತದೆ, ಆದ್ದರಿಂದ ವಾಸನೆ ಮೂಗಿನಲ್ಲಿರುವಾಗಲೇ ಹೇಳಿ ಮುಗಿಸಬೇಕು ಎಂಬುದು ಅವಳ ಪದ್ಧತಿ. ಓದುಗರು ಅವಳಿಗೆ ಮೂಗುರಾಣಿ ಎಂದು ಹೆಸರಿಟ್ಟಿದ್ದರು. ಆ ಹೆಸರು ಅವಳಿಗೂ ಒಳಗೊಳಗೇ ಹಿತವಾಗಿತ್ತು.

ಆ ಮಧ್ಯಾಹ್ನ ಅಂಗಡಿಯ ಮುಂಭಾಗದ ಶೀಶೆಗಳನ್ನೆಲ್ಲ ಅವಳು ಮೂಸಿ ಆಗಿತ್ತು. ಒಂದಕ್ಕೆ ‘ಟೈಲರ್ ಅಂಗಡಿಯ ಬಿಸಿ ಇಸ್ತ್ರಿ’ ಎಂದಿದ್ದಳು. ಇನ್ನೊಂದಕ್ಕೆ ‘ಜ್ವರ ಬಿಟ್ಟ ಮರುದಿನದ ಹಾಸಿಗೆ’. ಅಂಗಡಿಯವನು ಮೂಗಿನ ಮೇಲೆ ಬೆರಳಿಟ್ಟುಕೊಂಡು ಕೇಳಿದ್ದ. ಅಷ್ಟಕ್ಕೇ ಎದ್ದು ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಹಿಂದಿನ ಕೋಣೆಯೊಂದು ಕಣ್ಣಿಗೆ ಬಿತ್ತು. ಬೆಳಕು ತಾಗಿದರೆ ಎಣ್ಣೆ ಕೆಡುತ್ತದೆಂದು ಅದಕ್ಕೆ ಕಿಟಕಿಯೇ ಇರಲಿಲ್ಲ. ಬಾಗಿಲಿಗೆ ದಪ್ಪನೆಯ ಕಪ್ಪು ಪರದೆ. ಪರದೆ ಸರಿಸಿದರೆ ಕಮಟು, ಕರ್ಪೂರ, ಹಳೆಯ ಮರ, ಮೇಣ. ಹಗಲಲ್ಲೇ ಕತ್ತಲು. ಮೇಲಿನ ಹಲಗೆಯ ಮೇಲೆ, ಉಳಿದ ಶೀಶೆಗಳಿಂದ ದೂರ, ಒಂಟಿಯಾಗಿ ಒಂದು ಕಲ್ಲುಬಟ್ಟಲು. ಬಾಯಿಗೆ ಬಟ್ಟೆ ಕಟ್ಟಿ ಮೇಣ ಮೆತ್ತಿತ್ತು.

“ಅದು ಮಾರೋದಲ್ಲ,” ಎಂದ ಅಂಗಡಿಯವನು. “ಮನೇಲಿ ಯಾರಾದ್ರೂ ತೀರಿಹೋಗಿ, ದುಃಖ ತಡೆಯೋಕಾಗದೆ ಬರ್ತಾರಲ್ಲ, ಅಂಥವರಿಗೆ. ಹೋದವರ ಮೈವಾಸನೆ ಹೇಗಿತ್ತು ಅಂತ ಅದರ ಮುಂದೆ ಹೇಳ್ತಾರೆ. ಎಣ್ಣೆ ಅದನ್ನ ತಗೊಳ್ಳುತ್ತೆ. ಅವರು ಹಗುರ ಆಗಿ ಮನೆಗೆ ಹೋಗ್ತಾರೆ.”

“ನೆನಪೇ ಹೋಗಿಬಿಡುತ್ತಾ?”

“ನನಗೊಬ್ಬ ತಮ್ಮ ಇದ್ದನಂತೆ.” ಅವನು ಯಾರದೋ ವಿಳಾಸ ಓದಿದ ಹಾಗೆ ಹೇಳಿದ. “ನೀರಿಗೆ ಬಿದ್ದು ಹೋದನಂತೆ. ನಾನು ತುಂಬಾ ಅತ್ತೆನಂತೆ. ಫೋಟೋ ಇದೆ, ನೋಡ್ತೀನಿ. ಯಾರೋ ಹುಡುಗ.”

ಮೂಗುರಾಣಿ ಒಂದು ಕ್ಷಣ ಫೋನು ಕೆಳಗಿಳಿಸಿದಳು. ಮರುಕ್ಷಣವೇ ಅವಳು ಮೂಗು ಮುರಿದಳು. “ಒಳ್ಳೆ ಕತೆ ಕಟ್ಟಿದ್ದೀರಿ. ಬರೆದ್ರೆ ನಿಮ್ಮ ಅಂಗಡಿ ಮುಂದೆ ಜನ ಸಾಲು ನಿಲ್ತಾರೆ. ಸರಿ, ಬದುಕಿರೋರದ್ದು ಹೇಳಿಬಿಟ್ರೆ?”

“ಅದಕ್ಕೇ ಮೇಡಂ, ಬಾಯಿ ಬಿಡಬೇಡಿ ಅಂದಿದ್ದು.”

ಹೊರಗೆ ಯಾರೋ ಗಿರಾಕಿ ಬಂದು ಗಂಟೆ ಬಾರಿಸಿದರು. ಅವನು ಒಲ್ಲದ ಮನಸ್ಸಿನಿಂದ ಹೊರಗೆ ಹೋದ. ಪರದೆ ಅವನ ಹಿಂದೆ ಮುಚ್ಚಿಕೊಂಡಿತು.

ಅವಳು ಬಟ್ಟಲನ್ನು ಇಳಿಸಿದಳು. ಕಲ್ಲು ಕೈಗೆ ಬೆಚ್ಚಗಿತ್ತು. ಉಗುರಿನಿಂದ ಮೇಣ ಕೆರೆದು, ಬಟ್ಟೆ ಬಿಚ್ಚಿ, ಫೋನಿನ ರೆಕಾರ್ಡರ್ ಒತ್ತಿ, ಬಗ್ಗಿ ಮೂಸಿದಳು. ಏನೂ ಇಲ್ಲ. ಎಣ್ಣೆಗೆ ಇರಬೇಕಾದ ಜಿಡ್ಡಿನ ವಾಸನೆಯೂ ಇಲ್ಲ. ಸುಳ್ಳುಗಾರ ಎಂದುಕೊಂಡು ಇನ್ನೊಮ್ಮೆ ಉಸಿರೆಳೆದಳು. ಆಗ ಕತ್ತಲಲ್ಲಿ ಎಲ್ಲಿಂದಲೋ ಒಂದು ವಾಸನೆ ಎದ್ದಿತು. ಬಟ್ಟಲಿನಿಂದಲ್ಲ, ತನ್ನೊಳಗಿನಿಂದಲೇ ಯಾರೋ ಹುಡುಕಿ ಎತ್ತಿಕೊಟ್ಟ ಹಾಗೆ. ಅವಳಿಗೆ ಅದರ ಗುರುತು ಹತ್ತಲು ಅರೆಗಳಿಗೆಯೂ ಬೇಕಾಗಲಿಲ್ಲ. ಮುಖ ಅರಳಿತು. ಬಾಯಿ ತನ್ನಷ್ಟಕ್ಕೆ ತೆರೆಯಿತು.

“ನನ್ನ ಮಗಳ ಕುತ್ತಿಗೆಯ ಹಿಂಭಾಗ,” ಎಂದಳು. “ಆಡಿ ಬಂದ ಮೇಲೆ. ಒದ್ದೆ ಕೂದಲು, ಸ್ವಲ್ಪ ಉಪ್ಪು, ಸ್ವಲ್ಪ ಹಾಲು, ಬಿಸಿಲಿಗೆ ಕಾದ ಹತ್ತಿ...”

ಗುಟುಕ್.

ಯಾರೋ ನುಂಗಿದ ಸದ್ದು. ಹೊರಗೆ ಅಂಗಡಿಯವನು ನೀರು ಕುಡಿದಿರಬೇಕು ಎಂದುಕೊಂಡು ಅವಳು ಬಟ್ಟಲಿನ ಬಾಯಿಗೆ ಬಟ್ಟೆ ಕಟ್ಟಿ, ಮೇಣ ಮೆತ್ತಿ, ಮತ್ತೆ ಹಲಗೆಯ ಮೇಲಿಟ್ಟಳು. ಕಲ್ಲು ಈಗ ತಣ್ಣಗಾಗಿತ್ತು.

ಆ ಸಂಜೆ ಅಕ್ಕನ ಮನೆಯಿಂದ ಪುಟ್ಟಿಯನ್ನು ಕರೆದುಕೊಂಡು ಬಂದಳು. ಅಪ್ಪ ಎನ್ನಿಸಿಕೊಂಡವನು ಬೇರೆ ಸಂಸಾರ ಹೂಡಿ ಹೋದ ಮೇಲೆ ಮನೆಯಲ್ಲಿ ಇವರಿಬ್ಬರೇ. ತನ್ನದು ಎಂದು ಅವಳಿಗೆ ಲೋಕದಲ್ಲಿದ್ದದ್ದು ಒಂದನೇ ತರಗತಿಯ ಆ ಒಂದು ಜೀವ. ಮನೆಗೆ ಬಂದ ಕೂಡಲೇ ಮಗಳನ್ನು ಎತ್ತಿಕೊಂಡು ಕುತ್ತಿಗೆಯ ಹಿಂದೆ ಮೂಗು ಹುದುಗಿಸುವುದು ದಿನದ ರೂಢಿ. ಇವತ್ತೂ ಹುದುಗಿಸಿದಳು.

ಸೋಪು ಇತ್ತು. ಕ್ರೇಯಾನ್ ಇತ್ತು. ಅಕ್ಕ ಹಚ್ಚಿದ ತಲೆಯೆಣ್ಣೆ ಇತ್ತು. ಅವೆಲ್ಲದರ ಅಡಿಯಲ್ಲಿ ಇರಬೇಕಾದ ಮಗು ಇರಲಿಲ್ಲ.

“ಅಮ್ಮಾ, ಕಚಗುಳಿ!” ಪುಟ್ಟಿ ನಕ್ಕಿತು. ಅವಳು ನಗಲಿಲ್ಲ. ನೆಗಡಿ ಬರುತ್ತಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಅಡುಗೆಮನೆಗೆ ಹೋಗಿ ಕಾಫಿಪುಡಿ ಮೂಸಿದಳು. ನೆತ್ತಿಗೇರಿತು. ಬೆಂಕಿಪೊಟ್ಟಣ ಮೂಸಿದಳು. ಗಂಧಕದ ಘಾಟು ಗಂಟಲು ಕೆರೆಯಿತು. ಮೂಗು ನೆಟ್ಟಗಿತ್ತು.

ಬೆಳಿಗ್ಗೆ ಮಗಳ ದಿಂಬು ಮೂಸಿದಳು. ಅಂಗಡಿಯಿಂದ ಈಗಷ್ಟೇ ತಂದ ದಿಂಬಿನ ಹಾಗೆ. ನಿನ್ನೆ ಹಾಕಿ ಬಿಚ್ಚಿದ ಯೂನಿಫಾರಂ ಮೂಸಿದಳು. ಯಾರೂ ತೊಟ್ಟೇ ಇಲ್ಲದ ಹಾಗೆ. ಆದರೂ ಬೆಳಗಿನ ಕೆಲಸದ ಗಡಿಬಿಡಿ ಬಿಡಬೇಕಲ್ಲ. ದೋಸೆ ಹುಯ್ದು, ಮೇಜಿನ ಮೇಲೆ ತಟ್ಟೆಯಿಟ್ಟು, ತಿನ್ನಲು ಕೂತಳು. ಅರ್ಧ ತಿಂದ ಮೇಲೆ ಬಾಗಿಲ ಹತ್ತಿರ ಯಾರೋ ನಿಂತಿರುವಂತೆ ಅನ್ನಿಸಿ ತಲೆಯೆತ್ತಿದಳು.

“ಅಮ್ಮಾ,” ಎಂದಿತು ಪುಟ್ಟಿ, “ನಂದೆಲ್ಲಿ?”

ಮೇಜಿನ ಮೇಲೆ ಒಂದೇ ತಟ್ಟೆ ಇತ್ತು.

ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಮಗುವಿಗೆ ತಿನ್ನಿಸಿ, ಮುದ್ದಿಸಿ, ಶಾಲೆಗೆ ಬಿಟ್ಟು ಬಂದಳು. ಬಿಟ್ಟು ಬರುವಾಗ ಕೈಯಲ್ಲಿದ್ದ ಆ ಪುಟ್ಟ ಕೈ ತಣ್ಣಗಿತ್ತು ಎಂಬುದು ಮನೆ ತಲುಪುವಷ್ಟರಲ್ಲಿ ಮರೆತುಹೋಯಿತು. ಲೇಖನ ಬರೆಯಲು ಕೂತು ರೆಕಾರ್ಡಿಂಗ್ ಹಾಕಿದಳು. ತನ್ನದೇ ದನಿ: ಬಿಸಿ ಇಸ್ತ್ರಿ, ಜ್ವರ ಬಿಟ್ಟ ಹಾಸಿಗೆ. ಎಲ್ಲ ಸರಿಯಾಗಿತ್ತು. ಆಮೇಲೆ ಕಿಟಕಿಯಿಲ್ಲದ ಕೋಣೆಯ ಮೌನ. ತನ್ನ ಉಸಿರು. ಆಮೇಲೆ ತಾನು ಏನೋ ಹೇಳಿರಬೇಕಾದ ಜಾಗ. ಅಲ್ಲಿ ಮಾತಿರಲಿಲ್ಲ. ಕಿವಿಗೆ ಒತ್ತಿ ಹಿಡಿದಳು.

ಗುಟುಕ್.

ಗಂಟಲಿನ ಸದ್ದು. ಒದ್ದೆ ಗಂಟಲಿನ, ನಿಧಾನವಾದ, ರುಚಿ ನೋಡಿ ನುಂಗಿದ ಸದ್ದು.

ಮತ್ತೆ ಹಾಕಿದಳು. ಮತ್ತೆ. ನಾನು ಅಲ್ಲಿ ಏನು ಹೇಳಿದ್ದೆ? ಎಷ್ಟು ಯೋಚಿಸಿದರೂ ನಾಲಿಗೆಗೆ ಬರಲಿಲ್ಲ. ಮಧ್ಯಾಹ್ನ ಜಾರಿದ್ದೇ ತಿಳಿಯಲಿಲ್ಲ, ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅಕ್ಕ.

“ಎಲ್ಲಿದ್ದೀಯೇ? ಶಾಲೆಯಿಂದ ಕರ್ಕೊಂಡು ಬಂದಾಗಿಂದ ಮಗು ಒಂಥರಾ ಇದೆ. ಮೈ ಮಂಜುಗಡ್ಡೆ ಆಗಿದೆ ಕಣೆ. ದನಿಯೇ ಹೊರಡ್ತಿಲ್ಲ. ಬೇಗ ಬಾ!”

“ಯಾವ ಮಗು?” ಎಂದಳು ಅವಳು.

ಆ ಕಡೆ ಅಕ್ಕ “ಏನೇ?” ಎಂದು ಚೀರಿದಳು. ಈ ಕಡೆ ತಾನು ಆಡಿದ ಮಾತು ತನ್ನ ಕಿವಿಗೇ ಬಿತ್ತು. ಯಾವ ಮಗು? ಮೇಜಿನ ಅಂಚಿನಲ್ಲಿ ಕ್ರೇಯಾನಿನಿಂದ ಗೀಚಿದ ಚಿತ್ರವಿತ್ತು. ಒಂದು ದೊಡ್ಡ ಮೂಗಿನ ಹೆಂಗಸು, ಪಕ್ಕದಲ್ಲಿ ಒಂದು ಸಣ್ಣ ಹುಡುಗಿ. ಅದನ್ನು ನೋಡುತ್ತಾ ನೋಡುತ್ತಾ ಅವಳು ಆ ಹುಡುಗಿಯ ಮೇಲೆ ಬೆರಳಿಟ್ಟಳು. ಪುಟ್ಟಿ. ನನ್ನ ಪುಟ್ಟಿ. ಹೆಸರನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದವಳಂತೆ ಅದನ್ನೇ ಹೇಳಿಕೊಳ್ಳುತ್ತಾ ಬೀದಿಗಿಳಿದು ಓಡಿದಳು.

ಅಕ್ಕನ ತೋಳಿನಿಂದ ಮಗುವನ್ನು ಕಸಿದುಕೊಂಡಳು. ಹಗುರ. ಒಗೆದು ಒಣಗಿಸಿದ ಬಟ್ಟೆಯಷ್ಟು ಹಗುರ. ಕಣ್ಣು ಅರೆ ತೆರೆದಿತ್ತು.

“ಆಸ್ಪತ್ರೆಗೆ ಹೋಗೋಣ ಕಣೆ!”

“ಆಸ್ಪತ್ರೆಯಲ್ಲಿ ಆಗೋದಲ್ಲ ಅಕ್ಕ. ನಾನೇ ಮಾಡಿದ್ದು, ಆ ಅತ್ತರಿನ ಅಂಗಡೀಲಿ ಬಾಯಿ ಬಿಟ್ಟು. ಬಾ ನನ್ ಜೊತೆ.”

ಅಂಗಡಿಯವನಿಗೆ ಏನೂ ಹೇಳಬೇಕಾಗಲಿಲ್ಲ. ಮಗುವನ್ನು ನೋಡಿದ, ಅವಳನ್ನು ನೋಡಿದ, ಬಾಗಿಲಿಗೆ ಅಗುಳಿ ಹಾಕಿದ.

“ಹೇಳಿಬಿಟ್ರಾ?” ಎಂದ. “ಎಷ್ಟು ಬಡಕೊಂಡೆ! ಅದಕ್ಕೆ ಇದ್ದವರು, ಹೋದವರು ಅನ್ನೋದು ಗೊತ್ತಿಲ್ಲ ಮೇಡಂ. ಅದರ ಮುಂದೆ ಹೇಳಿದ್ರೆ ಹೋದವರು ಅಂತಲೇ ಲೆಕ್ಕ. ವಾಸನೆ ತಗೊಂಡಾಯ್ತು. ಇನ್ನು ಉಳಿದದ್ದನ್ನ ಎಳ್ಕೊಳ್ತಾ ಇದೆ.”

“ವಾಪಸ್ ಕೊಡಿಸಿ. ಕಾಲಿಗೆ ಬೀಳ್ತೀನಿ. ನನ್ನ ತಗೊಳ್ಳಲಿ.”

“ನೀವೇ ನಿಮ್ಮನ್ನ ಕೊಡೋಕಾಗಲ್ಲ. ನಿಮ್ಮ ವಾಸನೆ ಹೇಗಿದೆ, ಹೇಳಿ ನೋಡೋಣ?”

ಅವಳು ಬಾಯಿ ತೆರೆದಳು. ಸಾವಿರ ಶೀಶೆ ಮೂಸಿದ ಮೂಗುರಾಣಿ. ತನ್ನ ಮೈವಾಸನೆ ಅವಳಿಗೆ ಗೊತ್ತಿರಲಿಲ್ಲ. ತನ್ನದು ಯಾರಿಗೆ ತಾನೇ ಗೊತ್ತಿರುತ್ತದೆ?

“ಮಗು ಹೇಳಬೇಕು,” ಎಂದ ಅವನು. “ಅಮ್ಮನ ವಾಸನೆ ಮಗು ತನ್ನ ಬಾಯಲ್ಲೇ ಹೇಳಿದ್ರೆ ಗಂಟಿಗೆ ಗಂಟು ಸೇರಿ ಎರಡೂ ಬಿಚ್ಚಿಕೊಳ್ಳುತ್ತೆ. ಇಬ್ಬರೂ ಉಳೀತೀರಿ, ನಿಮ್ಮ ಮರೆವೂ ಬಿಡುತ್ತೆ. ಆದ್ರೆ ಹೇಳಿದ್ದು ಮಾತ್ರ, ಹೇಳಿದ ಬಾಯಿಗೆ ಮತ್ತೆ ಸಿಗಲ್ಲ. ಅರ್ಥ ಆಯ್ತಾ ಮೇಡಂ? ನನ್ನ ತಮ್ಮನ ಹಾಗೆ.”

ಅರ್ಥವಾಯಿತು. ಅವಳು ಮಗುವನ್ನು ಎದೆಗವಚಿಕೊಂಡಳು. ಆಮೇಲೆ ಪರದೆ ಸರಿಸಿ ಕತ್ತಲಿಗೆ ನುಗ್ಗಿದಳು.

ಬಟ್ಟಲು ಕೆಳಗಿತ್ತು. ಯಾರೂ ಇಳಿಸಿರಲಿಲ್ಲ. ಮೇಣ ಕರಗಿ ಹರಿದಿತ್ತು. ಇಡೀ ಕೋಣೆ ಒದ್ದೆ ಕೂದಲು, ಉಪ್ಪು, ಹಾಲು, ಬಿಸಿಲಿಗೆ ಕಾದ ಹತ್ತಿಯ ವಾಸನೆಯಿಂದ ತುಂಬಿತ್ತು. ಅವಳ ಮಗಳು ಆ ಕೋಣೆಯ ತುಂಬ ಇದ್ದಳು. ತೋಳಿನಲ್ಲಿ ಮಾತ್ರ ಇರಲಿಲ್ಲ.

“ಪುಟ್ಟಿ. ಕಣ್ಣು ಬಿಡು. ಅಮ್ಮ ಅಂದ್ರೆ ಯಾವ ವಾಸನೆ? ಹೇಳು ಬಂಗಾರ.”

ತುಟಿ ಅಲುಗಿತು. ದನಿಯಿಲ್ಲ.

ಗುಟುಕ್.

ತೋಳು ಇನ್ನಷ್ಟು ಹಗುರವಾಯಿತು. ಅಕ್ಕ ಪರದೆಯಾಚೆ ಅಳುತ್ತಿದ್ದಳು. ಕತ್ತಲು ಉಸಿರಾಡುತ್ತಿತ್ತು. ಯಾರ ಮಗು ಇದು? ಬೇಡ. ಬೇಡ. ಮರೆಯಬೇಡ. ಅವಳು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ಮಗುವಿನ ಮೂಗನ್ನು ತನ್ನ ಕೊರಳಿಗೆ ಒತ್ತಿ ಹಿಡಿದಳು.

“ಮೂಸು. ಮೂಸಿ ಹೇಳು. ನಾವು ಆಡ್ತೀವಲ್ಲ, ಆ ಆಟ. ಇದೇನು ಹೇಳು?”

ಒಂದು ಸಣ್ಣ ಉಸಿರು ಒಳಗೆ ಹೋಯಿತು.

“ಪೆನ್ಸಿಲ್...” ಎಂದಿತು ಮಗು. “ಪೆನ್ಸಿಲ್ ಚೂಪು ಮಾಡಿದ ಸಿಪ್ಪೆ.”

“ಆಮೇಲೆ?”

“ಕಾಫಿ ಲೋಟದ ತಳ. ಆಮೇಲೆ... ಬೆಳಿಗ್ಗೆ ದುಪ್ಪಟಿ ಒಳಗೆ ಇರುತ್ತಲ್ಲ, ಬಿಸಿ... ಆ ಬಿಸಿ. ಆಮೇಲೆ ಹೆದರಿಕೆ ಆದಾಗ ಲೈಟ್ ಹಾಕ್ತಾರಲ್ಲ, ಹಾಗೆ. ಅದು ಅಮ್ಮ.”

ಬಟ್ಟಲು ಟಪ್ ಎಂದು ಸೀಳಿತು. ಎಣ್ಣೆ ನೆಲದ ಮೇಲೆ ಹರಿಯಿತು. ಮಗುವಿನ ವಾಸನೆ ಬತ್ತಿಹೋಯಿತು. ತೋಳಿನಲ್ಲಿ ಇದ್ದಕ್ಕಿದ್ದಂತೆ ಭಾರ. ಬಿಸಿ. ಕೈಕಾಲು ಬಡಿಯುವ, ಕೆಮ್ಮುವ, ಕಿರುಚುವ, ಒಂದನೇ ತರಗತಿಯ ಪೂರ್ತಿ ಭಾರ.

“ದೊಡ್ಡಮ್ಮಾ!” ಪುಟ್ಟಿ ಅವಳ ಎದೆಗೆ ಕೈಕೊಟ್ಟು ದೂಡುತ್ತಿತ್ತು. “ದೊಡ್ಡಮ್ಮಾ, ಯಾರೋ ನನ್ನ ಹಿಡ್ಕೊಂಡಿದ್ದಾರೆ!”

ಈಗ ಮಗು ಚೆನ್ನಾಗಿದೆ. ತಿನ್ನುತ್ತದೆ, ಜಗಳವಾಡುತ್ತದೆ, ಹಲ್ಲು ಬಿದ್ದರೆ ದೊಡ್ಡಮ್ಮನ ಹತ್ತಿರ ಓಡಿ ಹೋಗಿ ತೋರಿಸುತ್ತದೆ. ಇವಳೇ ನಿಮ್ಮಮ್ಮ ಎಂದು ಅಕ್ಕ ಫೋಟೋ ತೋರಿಸಿ ಹೇಳಿದಾಗಲೆಲ್ಲ ಹೆದರಿ ಅಳುತ್ತಿತ್ತು, ಆದ್ದರಿಂದ ಅದನ್ನು ಬಿಟ್ಟರು. ಜೊತೆಯಲ್ಲಿರುವ ಹೆಂಗಸಿನ ಬಗ್ಗೆ ಅದಕ್ಕೆ ಮರ್ಯಾದೆ ಇದೆ. ಕೇಳದೆ ಅವಳ ವಸ್ತು ಮುಟ್ಟುವುದಿಲ್ಲ. ನಿದ್ದೆ ಹತ್ತಿದ ಮೇಲೆ ಅವಳು ಒಮ್ಮೊಮ್ಮೆ ಬಗ್ಗಿ ಆ ಕುತ್ತಿಗೆಯ ಹಿಂದೆ ಉಸಿರೆಳೆಯುತ್ತಾಳೆ. ಸೋಪು, ತಲೆಯೆಣ್ಣೆ. ಅವುಗಳ ಕೆಳಗೆ ಅವಳ ಪಾಲಿಗೆ ಏನೂ ಇಲ್ಲ.

ಅವಳು ಪತ್ರಿಕೆಗೆ ಬರೆಯುವುದನ್ನು ಬಿಟ್ಟಿದ್ದಾಳೆ. ಸಂಜೆಯಾದರೆ ಮೇಜಿನ ಮುಂದೆ ಕೂತು ಪೆನ್ಸಿಲ್ ಚೂಪು ಮಾಡುತ್ತಾಳೆ. ಸಿಪ್ಪೆಯನ್ನು ಎಣ್ಣೆಯಲ್ಲಿ ನೆನೆಹಾಕಿ, ಕಾಫಿಯ ಗಸಿ ಸೇರಿಸಿ, ಹೊದ್ದು ಬೆಚ್ಚಗಾದ ದುಪ್ಪಟಿಯ ಚೂರೊಂದನ್ನು ಅದರಲ್ಲಿ ಅದ್ದಿ ಹಿಂಡುತ್ತಾಳೆ. ಕಾಗದದ ಪಟ್ಟಿಗೆ ಒಂದು ಹನಿ ಹಾಕಿ ಮಗುವಿನ ಮೂಗಿನ ಹತ್ತಿರ ಹಿಡಿಯುತ್ತಾಳೆ.

“ಇದಾ?”

ಪುಟ್ಟಿ ಕಣ್ಣು ಮುಚ್ಚಿ, ತಲೆ ವಾರೆ ಮಾಡಿ, ಥೇಟು ಅವಳ ಹಾಗೆಯೇ ಉಸಿರೆಳೆಯುತ್ತದೆ. ಬಹಳ ಹೊತ್ತು ಯೋಚಿಸುತ್ತದೆ.

“ಇದಲ್ಲ ಆಂಟಿ.” ಅವಳ ಮುಖ ನೋಡಿ ಅದಕ್ಕೆ ಪಾಪ ಎನ್ನಿಸುತ್ತದೆ. “ನಾಳೆ ಸಿಗಬಹುದು ಬಿಡಿ. ನಮ್ಮಮ್ಮ ಬರೋವರೆಗೂ ನೀವು ಇಲ್ಲೇ ಇರ್ತೀರಲ್ಲ?”

“ಇರ್ತೀನಿ ಪುಟ್ಟಿ,” ಎನ್ನುತ್ತಾಳೆ ಅವಳು, ಮತ್ತೊಂದು ಪೆನ್ಸಿಲ್ ಕೈಗೆತ್ತಿಕೊಳ್ಳುತ್ತಾ.