ಆರನೇ ತಾರೀಖಿನ ಸೂಜಿ

2026ರ ಫೆಬ್ರವರಿ 9, ಸೋಮವಾರ, ಬೆಳಿಗ್ಗೆ 10.40. ಸವಳಂಗದ ಕಡೆಯ ಹಳ್ಳಿಯೊಂದರ ಆರೋಗ್ಯ ಉಪಕೇಂದ್ರದ ನರ್ಸ್ ನಿರ್ಮಲಮ್ಮ ನ್ಯಾಮತಿ ಠಾಣೆಗೆ ಬಂದು ದೂರು ಕೊಟ್ಟರು. ಬೀರುವಿನಲ್ಲಿದ್ದ ಹೋದ ವರ್ಷದ ಲಸಿಕೆ ರಿಜಿಸ್ಟರ್ ಕಳುವಾಗಿತ್ತು. ಹಳೇ ಪುಸ್ತಕಕ್ಕೂ ಕಳ್ಳರು ಹುಟ್ಟಿಕೊಂಡರಲ್ಲ ಎಂದು ಎಸ್‌ಐ ಯರ್ರಿಸ್ವಾಮಿ ಮನಸ್ಸಿನಲ್ಲೇ ನಕ್ಕು ಎಫ್‌ಐಆರ್ ದಾಖಲಿಸಿದರು.

ಮಧ್ಯಾಹ್ನ 12.15ಕ್ಕೆ ಯರ್ರಿಸ್ವಾಮಿ ಉಪಕೇಂದ್ರಕ್ಕೆ ಹೋಗಿ ಸ್ಥಳ ಪಂಚನಾಮೆ ಮಾಡಿದರು. ಬೀಗ ಮುರಿದಿರಲಿಲ್ಲ.

“ಕೀಲಿ ಎಲ್ಲಿರುತ್ತೆ?”

“ಬೀರುಗೇ ಸಿಕ್ಕಿಸಿರ್ತೀನಿ ಸಾರ್. ಇಲ್ಲಿ ಯಾರು ಕದೀತಾರೆ? ಅದರಾಗಿನ ಮಾರ್ಚ್ ತಿಂಗಳಿಂದು ಕಂಪ್ಯೂಟರಿಗೂ ಏರಿಸಿಲ್ಲ, ಅದೊಂದೇ ದಾಖಲೆ.”

“ಯಾರಾದ್ರೂ ಕೇಳಿದ್ರಾ ಅದನ್ನ?”

“ಪರಿಹಾರ ಸಮಿತಿಯೋರು 12ನೇ ತಾರೀಖಿಗೆ ತರಾಕೆ ಹೇಳಿದ್ರು. ಕಲ್ಲೇಶಪ್ಪನ ಮಗಳ ಕೇಸು.” ನಿರ್ಮಲಮ್ಮ ತಡವರಿಸಿದರು. “ಶನಿವಾರ ಕಲ್ಲೇಶಪ್ಪನೇ ಮಗೀನ ಎತ್ಕಂಡು ಬಂದಿದ್ದ. ಮಗೀಗೆ ಮಾತ್ರೆ ತರಾಕೆ ನಾನು ಒಳಗೆ ಹೋಗಿದ್ದೆ.”

ಕಲ್ಲೇಶಪ್ಪ ಸವಳಂಗದಲ್ಲಿ ಪಂಕ್ಚರ್ ಅಂಗಡಿ ಇಟ್ಟವನು. ಒಂಬತ್ತು ತಿಂಗಳಿಗೆ ದಡಾರದ ಲಸಿಕೆ ಹಾಕಿಸಿದ ಮೇಲೆ, ಹೋದ ವರ್ಷ ಮಾರ್ಚ್ 17ರಂದು ಮಗಳು ಗಂಗೋತ್ರಿಗೆ ಜ್ವರ ಏರಿ ಫಿಟ್ಸ್ ಬಂದಿತ್ತು. ಇಂದಿಗೂ ಅವಳ ಕತ್ತು ನಿಲ್ಲುವುದಿಲ್ಲ. ಅದು ಲಸಿಕೆಯಿಂದಲೇ ಆಯಿತೆಂದು ರುಜುವಾತಾದರೆ ಮಾತ್ರ ಅವಳ ಚಿಕಿತ್ಸೆಗೆ ಪರಿಹಾರ ಸಿಗುತ್ತಿತ್ತು.

ಮರುದಿನ ಪೇದೆ ಮೂಕಪ್ಪ ಕಲ್ಲೇಶಪ್ಪನ ಕೇಸು ನಡೆಸುತ್ತಿದ್ದ ಹೊನ್ನಾಳಿಯ ವಕೀಲರ ಬಳಿಯಿದ್ದ, ಮಗುವಿನ ಲಸಿಕೆಗಳ ವಿವರವಿರುವ ‘ತಾಯಿ ಕಾರ್ಡ್’ ತಂದ. ಹೆಸರಿಗಷ್ಟೇ ಮೂಕಪ್ಪ, ಬಾಯಿಗೆ ಬಿಡುವೇ ಇಲ್ಲ.

“ಸಾರ್, ಸೂಜಿ ಹಾಕಿದ್ದು 16-3-2025 ಅಂತೈತೆ. ಅವತ್ತು ಭಾನುವಾರ. ಉಪಕೇಂದ್ರದಾಗೆ ಗುರುವಾರ ಬಿಟ್ರೆ ಯಾವತ್ತು ಸೂಜಿ ಹಾಕ್ತಾರೆ? ಮೂರು ಮಕ್ಕಳ್ನ ಹೊತ್ಕಂಡು ಹೋದೋನು ನಾನು, ನಂಗೆ ಗೊತ್ತಿಲ್ವಾ?”

ಯರ್ರಿಸ್ವಾಮಿ ಕಾರ್ಡನ್ನು ಬೆಳಕಿಗೆ ಹಿಡಿದರು. 16ರಲ್ಲಿ 6ರ ಹಿಂದಿನ ‘1’ ಬೇರೆ ಶಾಯಿಯಲ್ಲಿತ್ತು. ಆರನೇ ತಾರೀಖು ಗುರುವಾರ.

11ರ ಬೆಳಿಗ್ಗೆ 7.30ಕ್ಕೆ ಅವರು ಮನೆಗೆ ಹೋದಾಗ ಕಲ್ಲೇಶಪ್ಪ ಮಗಳ ತಲೆಯನ್ನು ತೋಳಿನ ಮೇಲಿಟ್ಟುಕೊಂಡು ಗಂಜಿ ಕುಡಿಸುತ್ತಿದ್ದ.

“ರಿಜಿಸ್ಟರ್ ಎಲ್ಲೈತೆ?”

“ಬಚ್ಚಲ ಒಲೆಗೆ ಹಾಕಿದೆ ಸಾರ್.”

“ಯಾಕೆ?”

“ಸೂಜಿ ಹಾಕಿ ಹನ್ನೊಂದು ದಿನಕ್ಕೆ ಫಿಟ್ಸ್ ಬಂತು ಅಂದ್ರೆ ಯಾರು ನಂಬ್ತಾರೆ? ಮಾರನೇ ದಿನಾನೇ ಬಂತು ಅಂದ್ರೆ ನಂಬ್ತಾರೆ ಅನ್ಕಂಡೆ. ಅದಕ್ಕೇ ಕಾರ್ಡು ತಿದ್ದಿದೆ. ಪುಸ್ತಕ ನೋಡಿದ್ರೆ ಸಿಕ್ಕಿ ಬೀಳ್ತಿದ್ದೆ.”

ಒಲೆಯ ಬೂದಿಯನ್ನು ಪಂಚರೆದುರು ವಶಪಡಿಸಿಕೊಂಡ ಮೇಲೆ ಯರ್ರಿಸ್ವಾಮಿ ಅಂಗಳಕ್ಕೆ ಬಂದು ಸಮಿತಿಯ ಡಾಕ್ಟರಿಗೆ ಫೋನ್ ಮಾಡಿದರು.

“ಈ ಲಸಿಕೆಯಿಂದ ಜ್ವರ ಬರೋದಾದ್ರೆ ಆರರಿಂದ ಹನ್ನೆರಡು ದಿನಕ್ಕೇ ಬರೋದು,” ಎಂದರು ಡಾಕ್ಟರು. “ಮಾರನೇ ದಿನ ಅಲ್ಲ. ಹನ್ನೊಂದನೇ ದಿನ ಅಂತ ರಿಜಿಸ್ಟರಿನಲ್ಲಿ ಇದ್ದಿದ್ರೆ, ಲಸಿಕೆ ಕಾರಣ ಇರಬಹುದು ಅಂತ ಬರೀತಿದ್ದೆ. ಈಗ ತಿದ್ದಿದ ಕಾರ್ಡ್ ಒಂದೇ ಉಳೀತು. ತಿದ್ದಿದೋನ ಮಾತಿನ ಮೇಲೆ ಏನಂತ ಬರೀಲಿ?”

ಯರ್ರಿಸ್ವಾಮಿಗೆ ಇದನ್ನು ಆ ಮನುಷ್ಯನಿಗೆ ಹೇಳುವ ಧೈರ್ಯ ಬರಲಿಲ್ಲ.

ಕಲ್ಲೇಶಪ್ಪ ಮಗಳನ್ನು ಹೆಂಡತಿ ಸುನಿತಾಳ ತೋಳಿಗೆ ಕೊಟ್ಟು, ಕತ್ತಿನ ಕೆಳಗೆ ಅವಳ ಕೈ ಸರಿಯಾಗಿ ಕೂತಿದೆಯೇ ಎಂದು ನೋಡಿ ಜೀಪು ಹತ್ತಿದ.

“ನಾನು ಜೈಲಿಗೆ ಹೋದ್ರೂ ಚಿಂತಿಲ್ಲ ಸಾರ್. ಮಗಳಿಗೆ ಪರಿಹಾರ ಸಿಗುತ್ತಲ್ಲ?”

ಯರ್ರಿಸ್ವಾಮಿ ಬಂಧನದ ಸಮಯ ಬರೆದುಕೊಂಡರು, 9.20. ಸಂಜೆ ಕೇಸ್ ಡೈರಿಯಲ್ಲಿ ಕೃತ್ಯಕ್ಕೆ ಕಾರಣ ಬರೆದರು: ಇದ್ದದ್ದು ಇದ್ದ ಹಾಗೆ ಹೇಳಿದರೆ ಯಾರೂ ನಂಬುವುದಿಲ್ಲವೆಂದು ಆರೋಪಿ ಹೆದರಿದ್ದ.