ರಬ್ಬರ್ ಪಟ್ಟಿಯ ಕೆಳಗಿನ ಮರಳು

“ಸರ, ನಿಮ್ಮ ಉಪಕರಣ ಕುರುಡಲ್ಲರೀ. ಕಣ್ಣು ಮಂಜಾಗ್ಯಾವ, ಅಷ್ಟ.”

ರಾಜಶ್ರೀ ಈರೇಶನಿಗೆ ಇಷ್ಟೇ ಅಂದಿದ್ದಳು. ಬಾವಿ ಕೊರೆಸುವ ಕೆಲಸದ ಮೇಲಧಿಕಾರಿ ಕರಿಬಸಪ್ಪ ಸಾಹೇಬರು ನಕ್ಕುಬಿಟ್ಟಿದ್ದರು. ಆ ನಗು ಈರೇಶನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು.

ಕೊರೆದ ಬಾವಿಯೊಳಗೆ ಉಪಕರಣ ಇಳಿಸಿ, ಕಲ್ಲುಮಣ್ಣು ತಾವಾಗಿ ಸೂಸುವ ಗಾಮಾ ಕಿರಣ ಅಳೆದು, ಕೆಳಗೆ ಯಾವ ಪದರವಿದೆಯೆಂದು ಹೇಳುವುದು ಅವನ ಕೆಲಸ. ಜೋಯಿಡಾದಿಂದ ಮುಂಡಗೋಡದವರೆಗೆ ಅವನ ಮಾತೇ ಕೊನೆಯ ಮಾತು. ಆದರೆ ಅವನ ಉಪಕರಣಕ್ಕೆ ದಪ್ಪ ಪದರಗಳಷ್ಟೇ ಕಾಣುತ್ತಿದ್ದವು. ತೆಳುವಾದದ್ದು ಅಕ್ಕಪಕ್ಕದ ಮಣ್ಣಿನಲ್ಲಿ ಕಲಸಿಹೋಗುತ್ತಿತ್ತು. ಅವನ ಕೈಕೆಳಗೆ ಕಲಿತ ರಾಜಶ್ರೀ ಈಗ ಗೇಣಗಲದ ಪದರವನ್ನೂ ಬಿಡಿಸಿ ತೋರಿಸುವ ಉಪಕರಣ ಕಟ್ಟಿದ್ದಳು. ಪರೀಕ್ಷೆ ಜೋಯಿಡಾ ಕಡೆಯ ರಾಮನಗರದ ಹತ್ತಿರದ ಬಾವಿಯಲ್ಲಿ. ಅಲ್ಲಿ ಏನೂ ಇಲ್ಲವೆಂದು ಹೇಳಿದ್ದವನು ಈರೇಶನೇ.

ಅವಳು ಸೋಲಲೇಬೇಕಿತ್ತು. ಅದಕ್ಕೆ ಕರಾವಳಿಯಿಂದ ತಂದ ಕಪ್ಪು ಮರಳು ಸಾಕು; ಅದೂ ಕಿರಣ ಸೂಸುತ್ತದೆ. ಮುಂಜಾನೆಯ ತಪಾಸಣೆ ಮುಗಿದದ್ದೇ, ಇಳಿಸುವ ನೆಪದಲ್ಲಿ, ಮರಳಿನ ಪುಟ್ಟ ಪೊಟ್ಟಣವನ್ನು ಉಪಕರಣದ ರಬ್ಬರ್ ಪಟ್ಟಿಯ ಕೆಳಗೆ ತೂರಿಸಿದ. ಆ ಗದ್ದಲದಲ್ಲಿ ತೆಳು ಪದರದ ದನಿ ಕೇಳಿಸುವುದೆಲ್ಲಿ? ಮೇಲೆ ಬಂದಾಗ ಕೆಸರು ಒರೆಸುವವನೂ ತಾನೇ. ಪೊಟ್ಟಣ ಕಿಸೆ ಸೇರಿದರೆ ಮುಗಿಯಿತು.

ಎಲ್ಲ ಅಂದುಕೊಂಡಂತೆಯೇ ಆಯಿತು. ಡೇರೆಯೊಳಗಿನ ಪರದೆಯಲ್ಲಿ ಗೆರೆ ಹುಚ್ಚುಹುಚ್ಚಾಗಿ ನಡುಗಿತು.

“ಇದೇನ ತಂಗಿ? ಇದರಾಗ ಏನ ಓದಬೇಕು?” ಎಂದರು ಸಾಹೇಬರು.

“ಮುಂಜಾನೆ ಚಲೋ ಇತ್ತರೀ…” ಎನ್ನುತ್ತ ರಾಜಶ್ರೀ ಪರದೆಯತ್ತ ಬಾಗಿದಳು.

ಉಪಕರಣ ಮೇಲೆ ಬಂತು. ಡೇರೆಯ ಬಾಗಿಲಲ್ಲಿ ಅದನ್ನು ಒರಗಿಸಿ, ಒದ್ದೆ ಬಟ್ಟೆಯಿಂದ ಒರೆಸುತ್ತ ಈರೇಶ ಪೊಟ್ಟಣವನ್ನು ಕಿಸೆಗಿಳಿಸಿದ. ಬಟ್ಟೆ ಹಿಂಡುತ್ತ ಹಳ್ಳದ ಕಡೆ ಹೊರಟ. ಮರಳನ್ನು ನೀರಿಗೆ ಚೆಲ್ಲುವುದೊಂದೇ ಬಾಕಿ.

“ಸರ, ಸ್ವಲ್ಪ ಒಳಗ ಬರ್ರಿ.” ಡೇರೆಯಿಂದ ರಾಜಶ್ರೀ ಕರೆದಳು.

ತಿರುಗಿದ. ಮುಖದಲ್ಲಿ ಮರುಕ ತಂದುಕೊಂಡು, “ಹೊಸಾದರಾಗ ಹಿಂಗ ಆಗತಾವವಾ, ಎದಿಗುಂದಬ್ಯಾಡ” ಎನ್ನುತ್ತ ಉಪಕರಣದ ಪಕ್ಕದಿಂದಲೇ ಒಳಗೆ ಬಂದ.

ಎಲ್ಲರ ಕಣ್ಣೂ ಪರದೆಯ ಮೇಲಿತ್ತು. ಅವನು ಒರೆಸಿ ದೂರ ಸರಿದ ಗಳಿಗೆಯಲ್ಲಿ ಶಾಂತವಾಗಿ ಕುಸಿದಿದ್ದ ಗೆರೆ, ಅವನು ಬಾಗಿಲು ದಾಟುವಾಗ ಚಿಮ್ಮಿ, ಒಳಗೆ ಬಂದಂತೆ ಮತ್ತೆ ಇಳಿದಿತ್ತು. ಈರೇಶನ ಹಳೆಯ ಉಪಕರಣದಲ್ಲಿ ಇಳಿಸುವ ಕೇಬಲ್ ಚಲಿಸುವುದು ನಿಂತರೆ ಗೆರೆಯೂ ನಿಲ್ಲುತ್ತಿತ್ತು; ಇವಳದು ಮೇಲೆ ಬಂದ ಮೇಲೂ ಅಳೆಯುತ್ತಲೇ ಇರುತ್ತದೆಂಬುದು ಅವನಿಗೆ ತಿಳಿದಿರಲಿಲ್ಲ. ರಾಜಶ್ರೀ ಅವನ ಕಿಸೆಯನ್ನೇ ನೋಡುತ್ತ ಮೆಲ್ಲಗೆ ಕೇಳಿದಳು: “ಇನ್ನೊಮ್ಮೆ ಅದರ ಬಾಜೂಕ ಹೋಗಿ ನಿಂದರತೀರೇನ್ರಿ, ಸರ?”